ಅಪ್ಪನ ಅಪ್ಪನ ಅಪ್ಪ ಯಾರು? ಅಳಿಯಕಟ್ಟಿನ ಮನೆಯವರಿಗೆ ವೈ ಕ್ರೋಮೋಸೋಮ್ ದಾರಿ

ನಮ್ಮದು ಬ್ರಹ್ಮಾವರದ ಹತ್ತಿರದ ಅಳಿಯಕಟ್ಟಿನ ಕುಟುಂಬ, ಅಂದರೆ ವಂಶವನ್ನು ತಾಯಿಯ ಕಡೆಯಿಂದ ಲೆಕ್ಕ ಹಾಕುವವರು. ಬಳಿ, ಅಂದರೆ ಗೋತ್ರದಂಥ ವಂಶದ ಹೆಸರು, ಬರುವುದು ತಾಯಿಯಿಂದ. ಅಮ್ಮನ ಅಮ್ಮನ ಅಮ್ಮ ಯಾವ ಮನೆಯವಳು ಎಂದು ಕೇಳಿ, ನಮ್ಮಲ್ಲಿ ಯಾರನ್ನು ನಿದ್ದೆಯಿಂದ ಎಬ್ಬಿಸಿದರೂ ಹೇಳುತ್ತಾರೆ. ಅಪ್ಪನ ಅಪ್ಪನ ಅಪ್ಪ ಯಾರು ಎಂದರೆ ಮನೆಯೇ ಸುಮ್ಮನಾಗುತ್ತದೆ. ಅಪ್ಪಯ್ಯ ತೀರಿಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಅಜ್ಜನ ಹೆಸರಿನ ಒಂದು ಮೂಲಗೇಣಿ ಚೀಟಿ (ಜಮೀನಿನ ಶಾಶ್ವತ ಗೇಣಿಯ ಪತ್ರ) ಸಿಕ್ಕಿತು. ಅದರಲ್ಲಿ ಅಜ್ಜನ ತಾಯಿಯ ಹೆಸರಿತ್ತು, ಸೋದರಮಾವನ ಹೆಸರಿತ್ತು. ತಂದೆಯ ಹೆಸರು ಇರಲಿಲ್ಲ. ಆ ಖಾಲಿ ಜಾಗ ನನ್ನನ್ನು ತುಂಬಾ ಕಾಡಿತು. ಅಲ್ಲಿಂದ ಶುರುವಾದದ್ದು ಈ ಹುಡುಕಾಟ. ನಿಮಗೂ ಆಸೆಯಿದ್ದರೆ, ನಾನು ಮಾಡಿದ ರೀತಿ ಹೇಳುತ್ತೇನೆ.

ಮೊದಲು ಒಂದು ಮಾತು. ವೈ ಕ್ರೋಮೋಸೋಮ್ ಎಂದರೆ ಜೀವಕೋಶದೊಳಗಿನ ಡಿಎನ್‌ಎಯ ಒಂದು ಎಳೆ, ಅದು ಇರುವುದು ಗಂಡಸರಲ್ಲಿ ಮಾತ್ರ. ಅಪ್ಪನಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ, ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ನನ್ನಲ್ಲಿ ಅದಿಲ್ಲ. ನನಗೆ ಅಣ್ಣತಮ್ಮಂದಿರೂ ಇಲ್ಲ. ಹಾಗಾಗಿ ಡಿಎನ್‌ಎ ಪರೀಕ್ಷೆಗೆ ಮಾದರಿ ಕೊಡಿ ಎಂದು ಚಿಕ್ಕಪ್ಪನನ್ನು ಕೇಳಿದೆ. ಚಿಕ್ಕಪ್ಪನ ಮಗ ಕೊಟ್ಟಿದ್ದರೂ ನಡೆಯುತ್ತಿತ್ತು, ಇಬ್ಬರದ್ದೂ ಒಂದೇ ಸಾಲು. ಆದರೂ ಹಿರಿಯರದ್ದೇ ತೆಗೆದುಕೊಳ್ಳಿ ಎನ್ನುತ್ತೇನೆ. ಕೆಲವು ಪ್ರಯೋಗಾಲಯಗಳು ಮಾದರಿಯನ್ನು ವರ್ಷಗಟ್ಟಲೆ ಕಾದಿಡುತ್ತವೆ. ಮುಂದೆ ದೊಡ್ಡ ಪರೀಕ್ಷೆ ಬೇಕಾದಾಗ ಅದನ್ನೇ ಬಳಸಬಹುದು. ಜೊತೆಗೆ, ಕೇಳಲು ಹೋದಾಗ ನಾಲ್ಕು ಹಳೆ ಕಥೆಯೂ ಸಿಗುತ್ತದೆ.

ಪರೀಕ್ಷೆಗೆ ದುಡ್ಡು ಹಾಕುವ ಮೊದಲು ಕಾಗದದ ಕೆಲಸ ಮುಗಿಸಿ. ನಮ್ಮಂಥ ಮನೆಗಳಲ್ಲಿ ಇದೇ ಕಷ್ಟದ ಭಾಗ. ಒಂದೇ ಬಳಿಯೊಳಗೆ ಮದುವೆ ಇಲ್ಲ, ಮಕ್ಕಳಿಗೆ ತಾಯಿಯ ಬಳಿ. ಅಂದರೆ ಅಪ್ಪನ ಬಳಿ ಮತ್ತು ಮಗನ ಬಳಿ ಯಾವತ್ತೂ ಬೇರೆ ಬೇರೆ. ಗಂಡುಸಾಲು ಹಿಡಿದು ಮೇಲೆ ಹೋದರೆ ಪ್ರತಿ ಮೆಟ್ಟಿಲಿಗೂ ಕುಟುಂಬ ಬದಲಾಗುತ್ತದೆ. ನಾನು ಮೊದಲು ಅಜ್ಜನ ಮೂಲಮನೆಗೆ ಹೋಗಿ ಅವರ ಅಪ್ಪನ ಬಗ್ಗೆ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪ್ರಶ್ನೆ ಬದಲಿಸಿದೆ: "ಅಜ್ಜನ ಅಮ್ಮನನ್ನು ಎಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು?" ಎಂಬತ್ತು ದಾಟಿದ ಒಬ್ಬ ಅಮ್ಮ ಥಟ್ಟನೆ ಶಂಕರನಾರಾಯಣದ ಕಡೆಯ ಒಂದು ಮನೆಯ ಹೆಸರು ಹೇಳಿದರು. ಹೆಣ್ಣನ್ನು ಕೊಟ್ಟ ಮನೆ ಎಲ್ಲರಿಗೂ ನೆನಪಿರುತ್ತದೆ! ಆದ್ದರಿಂದ ಪ್ರತಿ ಗಂಡಸಿನ ಹೆಸರಿನ ಪಕ್ಕ ಅವನ ತಾಯಿಯ ಮನೆ, ಬಳಿ, ಆಕೆಯನ್ನು ಕೊಟ್ಟ ಊರು, ಮೂರನ್ನೂ ಬರೆದುಕೊಳ್ಳಿ. ವಿಭಾಗ ಪತ್ರ, ಗೇಣಿ ಚೀಟಿ, ಶಾಲೆಯ ದಾಖಲಾತಿ ಪುಸ್ತಕ ಎಲ್ಲ ನೋಡಿ. ದತ್ತು ಹೋದವರಿದ್ದರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ, ರಕ್ತದ ಸಾಲು ಅಲ್ಲಿ ಬೇರೆ ಕಡೆ ತಿರುಗುತ್ತದೆ.

ನಿಮಗೆ ಬೇಕಾದದ್ದು ಬಳಿಯ ದಾರಿಯೇ ಆದರೆ ವೈ ಪರೀಕ್ಷೆ ಬೇಡ. ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ನೋಡಿಸಿ. ಅದು ಬಳಿಯ ಜೊತೆಜೊತೆಗೇ ನಡೆಯುತ್ತದೆ. ಹೆಂಗಸರೂ ಕೊಡಬಹುದು.

ಇನ್ನು ಒಪ್ಪಿಗೆ. ಇದನ್ನು ಅವಸರದಲ್ಲಿ ಮಾಡಬೇಡಿ. ಚಿಕ್ಕಪ್ಪ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾಗ ನಾನು ಫೋನ್ ಮಾಡಿದೆ. "ಎಂತಕ್ಕ್ ಹೆಣೆ ಇದೆಲ್ಲ?" ಎಂದರು. ಗೇಣಿ ಚೀಟಿಯ ವಿಷಯ ಹೇಳಿದೆ. ಆಮೇಲೆ ಇಂಗ್ಲೆಂಡಿನ ರಾಜ 3ನೇ ರಿಚರ್ಡ್ ಕಥೆಯನ್ನೂ ಹೇಳಿದೆ. 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕಿನಡಿ ಅವನ ಅಸ್ಥಿ ಸಿಕ್ಕಿತು. ಕಾಗದದ ಪ್ರಕಾರ ಅದೇ ಗಂಡುಸಾಲಿಗೆ ಸೇರಿದ ಈಗಿನ ಗಂಡಸರ ವೈ ಜೊತೆ ಹೋಲಿಸಿದರೆ ಹೊಂದಲೇ ಇಲ್ಲ. ನಡುವೆ ಎಲ್ಲೋ ಅಪ್ಪ ಬೇರೆಯಾಗಿದ್ದ. ರಾಜಮನೆತನದಲ್ಲೇ ಹೀಗಾದರೆ ನಮ್ಮಲ್ಲೂ ಆಗಬಹುದು, ಅಲ್ವಾ? ಏನೇ ಬಂದರೂ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಮೊದಲೇ ಮಾತಾಡಿಕೊಂಡೆವು. ಗುಟ್ಟು ಉಳಿಯುತ್ತದೆಯೇ ಎನ್ನುವುದನ್ನೂ ಯೋಚಿಸಿ. ಡಿಎನ್‌ಎ ಪರೀಕ್ಷೆ ಮಾಡುವ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಇದೆಲ್ಲ ಗೊತ್ತಾದ ಮೇಲೂ ಹಿರಿಯರು ಹೂಂ ಎಂದರೆ ಮಾತ್ರ ಮುಂದೆ ಹೋಗಿ.

ಯಾವ ಪರೀಕ್ಷೆ? ಜಾಹೀರಾತಿನಲ್ಲಿ ಬರುವ ಎಲ್ಲ ಡಿಎನ್‌ಎ ಪರೀಕ್ಷೆಯೂ ಗಂಡುಸಾಲನ್ನು ತೋರಿಸುವುದಿಲ್ಲ. ಆನ್ಸೆಸ್ಟ್ರಿ ಕಂಪನಿಯ ಪರೀಕ್ಷೆ ವೈ ಗುಂಪು, ಅಂದರೆ ಗಂಡುಸಾಲು ಯಾವ ಕೊಂಬೆಗೆ ಸೇರಿದ್ದು ಎಂದು, ಹೇಳುವುದಿಲ್ಲ. ನಾವು ಫ್ಯಾಮಿಲಿಟ್ರೀಡಿಎನ್‌ಎ ಎಂಬ ಕಂಪನಿಯನ್ನು ಆರಿಸಿದೆವು. ಅದರಲ್ಲಿ ಎರಡು ಬಗೆ. ವೈ-37 ಎನ್ನುವುದು ಡಿಎನ್‌ಎಯ ಚಿಕ್ಕ ಚೂರುಗಳು ಎಷ್ಟು ಸಲ ಮರುಕಳಿಸಿವೆ ಎಂದು 37 ಕಡೆ ಎಣಿಸುತ್ತದೆ. ಅಗ್ಗ, ಆದರೆ ದೊಡ್ಡ ಗುಂಪನ್ನು ಅಂದಾಜು ಮಾಡುವುದಷ್ಟೇ. ಬಿಗ್ ವೈ-700 ಒಂದೊಂದು ಅಕ್ಷರದ ಬದಲಾವಣೆಯನ್ನೂ ಓದುತ್ತದೆ. ಖರ್ಚು ಜಾಸ್ತಿ, ನಮ್ಮ ರೂಪಾಯಿಯಲ್ಲಿ 35ರಿಂದ 40 ಸಾವಿರ ಆಗಬಹುದು. ಅಪ್ಪಂದಿರ ದಿನದ ಹೊತ್ತಿಗೆ ರಿಯಾಯಿತಿ ಬರುತ್ತದೆ, ಕಾಯಿರಿ. ಮೊದಲು ಚಿಕ್ಕದು ಮಾಡಿ ಆಮೇಲೆ ದೊಡ್ಡದಕ್ಕೆ ಹೋಗಬಹುದು, ನಾವು ಹಾಗೇ ಮಾಡಿದ್ದು.

ಮಾದರಿ ಕೊಡುವುದು ಸುಲಭ, ಕೆನ್ನೆಯ ಒಳಗೆ ಕಡ್ಡಿಯಿಂದ ಉಜ್ಜಬೇಕು ಅಷ್ಟೆ. ಅದಕ್ಕೆ ಮೊದಲು ಒಂದು ಗಂಟೆ ಬಾಯಿಗೆ ಏನೂ ಹಾಕಬಾರದು. ಚಿಕ್ಕಪ್ಪನನ್ನು ಒಂದು ಗಂಟೆ ವೀಳ್ಯದೆಲೆಯಿಂದ ದೂರ ಇಡಲು ಅವರ ಸೊಸೆ ಪಕ್ಕದಲ್ಲೇ ಕೂತಿದ್ದಳು.

ಫಲಿತಾಂಶ ಓದುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಲೋಕದ ಎಲ್ಲ ಗಂಡುಸಾಲುಗಳನ್ನು ಒಂದು ಮರದ ಹಾಗೆ ಜೋಡಿಸಿದ್ದಾರೆ. ದೊಡ್ಡ ಕೊಂಬೆಗಳಿಗೆ ಎ ಯಿಂದ ಟಿ ವರೆಗೆ ಅಕ್ಷರ. ಇವನ್ನೇ ಹ್ಯಾಪ್ಲೋಗ್ರೂಪ್ ಎನ್ನುವುದು. ದಕ್ಷಿಣ ಭಾರತದಲ್ಲಿ ಎಚ್, ಎಲ್, ಆರ್1ಎ, ಆರ್2, ಜೆ2 ಹೆಚ್ಚಾಗಿ ಸಿಗುತ್ತವೆ. ನಮ್ಮ ಚಿಕ್ಕಪ್ಪನಿಗೆ ಮೊದಲು ಬಂದದ್ದು ಎಲ್-ಎಮ್20. ಎಲ್ ಎನ್ನುವುದು ಕೊಂಬೆ, ಎಮ್20 ಎನ್ನುವುದು ಅದನ್ನು ಗುರುತಿಸುವ ಬದಲಾವಣೆಯ ಹೆಸರು. ಬಿಗ್ ವೈ ಮಾಡಿಸಿದ ಮೇಲೆ ಅದು ಎಮ್27ರ ಕೆಳಗಿನ ಒಂದು ಕೊಂಬೆಗೆ ಇಳಿಯಿತು. ಬರೆದಿಡುವಾಗ ಎಲ್-ಎಮ್27 ಎಂದೇ ಬರೆಯಿರಿ. ಇದನ್ನೇ ಹಳೆ ಲೇಖನಗಳಲ್ಲಿ ಎಲ್1 ಎಂದಿದ್ದಾರೆ, ಈಗ ಎಲ್1ಎ1 ಎನ್ನುತ್ತಾರೆ. ಮರ ಬೆಳೆದ ಹಾಗೆ ಉದ್ದದ ಹೆಸರು ಬದಲಾಗುತ್ತದೆ, ಎಮ್27 ಬದಲಾಗುವುದಿಲ್ಲ.

ಆಮೇಲೆ ನಾನು ಒಂದು ವಾರ ನಿದ್ದೆಗೆಟ್ಟೆ. ಅರ್ಮೇನಿಯಾದ ಅರೆನಿ ಗುಹೆಯಲ್ಲಿ ಸುಮಾರು 6 ಸಾವಿರ ವರ್ಷ ಹಿಂದಿನ ಅಸ್ಥಿಗಳಿವೆ, ಅವರ ಗಂಡುಸಾಲೂ ಎಲ್1ಎ, ನಮ್ಮ ಎಲ್1ಎ1 ಕವಲೊಡೆದ ಕೊಂಬೆ! ಹಾಗಾದರೆ ನಾವು ಅರ್ಮೇನಿಯಾದಿಂದ ಬಂದವರೇ? ಅಲ್ಲ. ಆ ಕೊಂಬೆ ಅದಕ್ಕಿಂತ ಎಷ್ಟೋ ಹಳೆಯದು. ಅವರೂ ನಾವೂ ಯಾರೋ ಒಬ್ಬ ಇನ್ನೂ ಹಿಂದಿನ ಅಜ್ಜನ ಕಡೆಯವರು ಎಂದಷ್ಟೇ ಅರ್ಥ. ಹರಿಯಾಣದ ರಾಖಿಗಡಿಯ ಹರಪ್ಪ ಕಾಲದ ಅಸ್ಥಿಯಿಂದ ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ. 2019ರಲ್ಲಿ ಡಿಎನ್‌ಎ ಓದಲಾದ ಆ ಅಸ್ಥಿ ಒಬ್ಬ ಹೆಂಗಸಿನದ್ದು, ವೈ ಇಲ್ಲ.

ಜಾತಿಗೆ ಒಂದು ಗುಂಪು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆರ್1ಎ ಬ್ರಾಹ್ಮಣರಲ್ಲಿ ಸಿಗುತ್ತದೆ, ಚೆಂಚು ಬುಡಕಟ್ಟಿನಲ್ಲೂ ಸಿಕ್ಕಿದೆ. ಅಲ್ಲದೆ ಹತ್ತು ತಲೆಮಾರು ಹಿಂದೆ ಹೋದರೆ ಆ ಒಂದು ತಲೆಮಾರಿನಲ್ಲೇ ಪೂರ್ವಜರ 1,024 ಜಾಗಗಳಿರುತ್ತವೆ. ವೈ ತೋರಿಸುವುದು ಅವರಲ್ಲಿ ಒಬ್ಬರನ್ನು. ಆದರೂ ಕೆಲವೊಮ್ಮೆ ಆ ಒಂದು ಸಾಲು ದೊಡ್ಡ ಕಥೆ ಹೇಳುತ್ತದೆ. ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಆಫ್ರಿಕಾದ ಗಂಡುಸಾಲುಗಳು ಇವತ್ತಿಗೂ ಉಳಿದಿವೆ.

ಹೊಂದಿಕೆಯ ಪಟ್ಟಿ, ಅಂದರೆ ನಿಮ್ಮ ವೈಗೆ ಹತ್ತಿರದ ವೈ ಇರುವವರ ಪಟ್ಟಿ, ನೋಡಿ ಬೇಸರಪಡಬೇಡಿ. ಚಿಕ್ಕಪ್ಪನದ್ದು ಖಾಲಿ ಬಂತು. ನಮ್ಮವರು ಪರೀಕ್ಷೆ ಮಾಡಿಸಿರುವುದೇ ಕಡಿಮೆ. ವೈಫುಲ್ ಎಂಬ ತಾಣಕ್ಕೆ ಬಿಗ್ ವೈ ಫಲಿತಾಂಶದ ಫೈಲ್ ಹಾಕಿದರೆ ಅಲ್ಲಿನ ಮರದಲ್ಲಿ ಸಂಶೋಧನೆಯ ಮಾದರಿಗಳೂ ಕಾಣುತ್ತವೆ. ಲೋಕದ ಹಲವು ಜನಗುಂಪುಗಳ ಡಿಎನ್‌ಎ ಓದಿದ 1000 ಜೀನೋಮ್ ಯೋಜನೆಯಲ್ಲಿ ತೆಲುಗರು, ತಮಿಳರು, ಗುಜರಾತಿಗಳು, ಪಂಜಾಬಿಗಳು, ಬಂಗಾಳಿಗಳು ಇದ್ದಾರೆ. ಕನ್ನಡದವರ, ತುಳುವರ ಗುಂಪು ಇಲ್ಲ. ಆ ಜಾಗ ತುಂಬಬೇಕಾದವರು ನಾವೇ. ಕಾಲದ ಲೆಕ್ಕಕ್ಕೆ, ಬಿಗ್ ವೈಯಲ್ಲಿ ಒಂದು ಹೊಸ ಬದಲಾವಣೆಗೆ ಸರಾಸರಿ 80 ವರ್ಷ ಎಂದು ಹಿಡಿಯಿರಿ. ಇದು ಅಂದಾಜು, ನೂರಿನ್ನೂರು ವರ್ಷ ಆಚೀಚೆ ಆಗುತ್ತದೆ.

ಒಬ್ಬರ ಮಾದರಿಯಿಂದ ಕಾಗದದ ಸಾಲು ನಿಜವೋ ಅಲ್ಲವೋ ಗೊತ್ತಾಗುವುದಿಲ್ಲ. ಅದೇ ಮುತ್ತಜ್ಜನ ಇನ್ನೊಬ್ಬ ಮಗನಿಂದ ಇಳಿದ ಗಂಡಸು ಬೇಕು. ಶಂಕರನಾರಾಯಣದ ಆ ಮನೆಗೆ ನಾನು ಮೂರು ಸಲ ಹೋಗಿ ಬಂದೆ. ಮೂರನೇ ಸಲ ಅಲ್ಲಿನ ಹಿರಿಯರೊಬ್ಬರು ಮುತ್ತಜ್ಜನ ಹೆಸರು ಹೇಳಿದರು. ಆತನ ಮೊದಲ ಹೆಂಡತಿಗೂ ಒಬ್ಬ ಮಗನಿದ್ದನಂತೆ. ಆ ಸಾಲಿನ ಹುಡುಗ ಈಗ ಲಂಡನ್ನಿನಲ್ಲಿದ್ದಾನೆ. ಕೆನ್ನೆ ಉಜ್ಜುವ ಕಡ್ಡಿ ಅವನಿಗೆ ಹೋದ ತಿಂಗಳು ತಲುಪಿದೆ.