ಪೋಸ್ಟ್‌ಪೇಯ್ಡ್ ನಂಬರ್ ಬಂದ್ ಮಾಡಿಸುವುದು ಹೀಗೆ

ಹುಬ್ಬಳ್ಳಿಯಲ್ಲಿ ನಮ್ಮ ಅವ್ವನ ಪೋಸ್ಟ್‌ಪೇಯ್ಡ್ ನಂಬರ್ ಬಂದ್ ಮಾಡಿಸಿದ್ದು ನಾನೇ. ಬಿಲ್ ಕಟ್ಟದಿದ್ದರೆ ತಾನಾಗೇ ಬಂದ್ ಆಗುತ್ತದೆ ಅಂತ ಸುಮ್ನೆ ಕೂರಬೇಡಿ. ಬಾಕಿ ಬೆಳೆಯುತ್ತದೆ, ವಸೂಲಿಯವರ ಫೋನ್ ಶುರುವಾಗುತ್ತದೆ.

ಮೊದಲು ಆ ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೀರಿ ನೋಡಿ, ಅಲ್ಲೆಲ್ಲ ಹೊಸ ನಂಬರ್ ಹಾಕಿಸಿ. ಜಾಸ್ತಿ ಹೊತ್ತು ಹಿಡಿಯುವುದು ಇದೇ. ಅವ್ವನ ಪಾಸ್‌ಬುಕ್, ಗ್ಯಾಸ್ ಪುಸ್ತಕ, ಆಧಾರ್ ಮೂರನ್ನೂ ಮುಂದಿಟ್ಟುಕೊಂಡು ಕೂತೆ. ಬ್ಯಾಂಕಿನ ಒಟಿಪಿ ಹೊಸ ನಂಬರಿಗೆ ಬಂದ ಮೇಲೇ ಮುಂದಕ್ಕೆ ಹೋಗಿ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ನಿಮ್ಮ ಒಟಿಪಿ ಅವರ ಕೈಗೆ ಸಿಗಬಾರದು, ಅಲ್ವಾ? ವಾಟ್ಸಾಪ್ ನಂಬರನ್ನೂ ಹಳೇ ಸಿಮ್ ನಡೆಯುತ್ತಿರುವಾಗಲೇ ಬದಲಿಸಿ.

ಆಮೇಲೆ ಕಂಪನಿಯ ಅಂಗಡಿ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಗುರುತಿನ ಚೀಟಿ ಹಿಡಿದು ಹೋಗಲಿ. ಅಲ್ಲಿಯ ಹುಡುಗ, "ಅಮ್ಮಾರ, ಕಡಿಮಿ ಪ್ಲಾನ್ ಹಾಕಿಕೊಡ್ತೀನ್ರೀ" ಅಂದ. "ಬ್ಯಾಡಪಾ, ಬಂದ್ ಮಾಡು" ಅಂದಳು ಅವ್ವ. ಅಷ್ಟು ಸಾಕು, ಕಾರಣ ಹೇಳುತ್ತಾ ನಿಲ್ಲಬೇಕಿಲ್ಲ. ಅರ್ಜಿ ಸಂಖ್ಯೆ ಇಲ್ಲದೆ ಹೊರಗೆ ಬರಬೇಡಿ. ಸತಾಯಿಸಿದರೆ 198ಕ್ಕೆ ಫೋನ್ ಮಾಡಿ ದೂರು ಕೊಡಿ, ಅವರು ಕೊಡುವ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಕೊನೇ ಬಿಲ್ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಆಟೋಪೇ ತೆಗೆಸಿ. ಡಿಪಾಸಿಟ್ ಇದ್ದರೆ ಬಿಡದೆ ಕೇಳಿ, ಅದು ನಿಮ್ಮ ದುಡ್ಡು.

ನಂಬರ್ ಇರಲಿ, ಕಂಪನಿ ಮಾತ್ರ ಬೇಡ ಅನ್ನುವವರು ಬಂದ್ ಮಾಡಿಸಲೇಬೇಡಿ. ಬಾಕಿ ತೀರಿಸಿ, ಇಂಗ್ಲಿಷಿನಲ್ಲಿ ಪೋರ್ಟ್ (PORT) ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬಂದ ಕೋಡ್ ಮತ್ತು ಆಧಾರ್ ತೆಗೆದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ.