ಹೊಗೆ ಕಡಿಮೆ ಮಾಡಿ ಸೌದೆ ಉರಿಸುವುದು ಹೇಗೆ?

ಬೆಂಕಿ ಹಚ್ಚಲು ಕುಳಿತವರು ಅರ್ಧ ಗಂಟೆ ಕಣ್ಣುಜ್ಜಿಕೊಳ್ಳುತ್ತ ಊದುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಜ್ವಾಲೆಯಾಗಿ ಉರಿಯುವುದು ಕಾದ ಮರದಿಂದ ಹೊರಬರುವ ಅನಿಲವೆಂಬುದನ್ನೂ, ಹೊಗೆಯಲ್ಲಿ ಬಹುಪಾಲು ಉರಿಯದೆ ಹೊರಟುಹೋದ ಅದೇ ಇಂಧನವೆಂಬುದನ್ನೂ ಅವರು ಗಮನಿಸಿರುವುದಿಲ್ಲ.

ಮೊದಲನೆಯದು ಸೌದೆಯ ಆಯ್ಕೆ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದಾದ್ದರಿಂದ, ಅದನ್ನು ಸೀಳಿ, ಗಾಳಿಯಾಡುವಂತೆ ಒಟ್ಟಿ, ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರುಗಳನ್ನು ಮುಟ್ಟಲೇಬೇಡಿ. ಅವುಗಳ ಬಣ್ಣ ಮತ್ತು ಅಂಟು ವಿಷಕಾರಿ ಹೊಗೆಯಾಗುತ್ತವೆ.

ಎರಡನೆಯದಾಗಿ, ಸಿಬಿರುಗಳನ್ನು ಸಡಿಲವಾಗಿ ಜೋಡಿಸಿ ಕಡ್ಡಿ ಗೀರಿ.

ಎಡವುವುದು ಇದರ ಮುಂದಿನ ಹಂತದಲ್ಲಿ, ಹೊತ್ತಿದ ಉರಿಗೆ ದಪ್ಪ ಸೌದೆ ಇಡುವಾಗ. ಕುದಿಯುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಒದ್ದೆಯಿರುವಷ್ಟು ಕಾಲ ಮರದ ಆ ಭಾಗ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಮರವನ್ನು ಕಟ್ಟಿರುವ ಮೂರು ಮುಖ್ಯ ವಸ್ತುಗಳಲ್ಲಿ, ಸುಮಾರು 200 ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್, 300 ದಾಟಿದ ಮೇಲೆ ಸೆಲ್ಯುಲೋಸ್ ಒಡೆಯುತ್ತವೆ. ಮೂರನೆಯದಾದ ಲಿಗ್ನಿನ್ ನಿಧಾನವಾಗಿ ಒಡೆದು ಇದ್ದಿಲಿಗೆ ಹೆಚ್ಚು ಪಾಲು ಕೊಡುತ್ತದೆ. ಒಣ ಮರದ ತೂಕದ ಮುಕ್ಕಾಲಿನಷ್ಟು ಹೀಗೆ ಅನಿಲವಾಗಿ, ಟಾರಿನ ಆವಿಯಾಗಿ ಹೊರಬರುತ್ತದೆ. ಅದು ಪೂರ್ತಿ ಉರಿಯಬೇಕಾದರೆ ಸಾಕಷ್ಟು ಆಮ್ಲಜನಕದ ಜೊತೆಗೆ 600 ಡಿಗ್ರಿಗೂ ಮೀರಿದ ಬಿಸಿ ಬೇಕು. ಎಳೆಯ ಉರಿಯ ಮೇಲೆ ದಪ್ಪ ಕೊರಡನ್ನು ಹೇರಿದರೆ, ಅದು ತಾನು ಕಾಯಲು ಶಾಖವನ್ನು ಹೀರಿ ಜ್ವಾಲೆಯನ್ನು ತಣಿಸುತ್ತದೆ. ಅನಿಲ ಮಾತ್ರ ಬರುತ್ತಲೇ ಇದ್ದು ಬಿಳಿ ಹೊಗೆಯಾಗುತ್ತದೆ. ಆದ್ದರಿಂದ ಉರಿಯುತ್ತಿರುವ ತುಂಡಿನ ಎರಡರಷ್ಟಕ್ಕಿಂತ ದಪ್ಪದ್ದನ್ನು ಇಡಬಾರದೆಂಬುದು ನನ್ನ ಕಟ್ಟುನಿಟ್ಟಿನ ಲೆಕ್ಕ. ಒಂಟಿ ಕೊರಡು ಬೇಗ ನಂದುತ್ತದೆ. ಬೆರಳಿನಷ್ಟು ಸಂದು ಬಿಟ್ಟು ಎರಡು ಮೂರನ್ನು ಜೊತೆಗಿಟ್ಟರೆ ಒಂದರ ಕಾವು ಇನ್ನೊಂದಕ್ಕೆ ತಾಗುತ್ತದೆ. ಊದುವುದಿದ್ದರೆ ಕೆಳಗಿನಿಂದ, ಕೆಂಡಕ್ಕೆ, ಮೆಲ್ಲಗೆ.

ಸೀಮೆಎಣ್ಣೆ ಸುರಿಯುವ ಅಡ್ಡದಾರಿ ನನಗೆ ಹಿಡಿಸದು: ಮರ ಕಾಯುವ ಮೊದಲೇ ಎಣ್ಣೆ ಉರಿದು ಮುಗಿದಿರುತ್ತದೆ. ಪೆಟ್ರೋಲಿನ ಆವಿಯಂತೂ ಸ್ಫೋಟಿಸಿದಂತೆ ಹೊತ್ತಿಕೊಳ್ಳುತ್ತದೆ.

ಜ್ವಾಲೆ ಇಳಿದ ಮೇಲೆ ಉಳಿದ ಇಂಗಾಲವು ಮೇಲ್ಮೈಯಲ್ಲೇ ಆಮ್ಲಜನಕದೊಂದಿಗೆ ಕೂಡಿ ಕೆಂಡವಾಗಿ ಉರಿಯುತ್ತದೆ. ಹೊಗೆಯಿಲ್ಲವೆಂದು ಆ ಕೆಂಡವನ್ನು ಮುಚ್ಚಿದ ಕೋಣೆಗೆ ಒಯ್ಯಬಾರದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ತುಂಬಿಕೊಂಡು, ಮಲಗಿದವರನ್ನು ಎಚ್ಚರಿಸದೆಯೇ ಕೊಲ್ಲಬಲ್ಲದು.