ಕೀಮೋ ಬೇಡ ಅಂತ ನಾನು ಹೇಗೆ ತೀರ್ಮಾನ ಮಾಡಿದೆ

ಕ್ಯಾನ್ಸರ್ ಡಾಕ್ಟರನ್ನು ನೋಡಲು ಹೊರಟಿದ್ದ ದಿನ. ಹತ್ತು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಮಗಳು ಕೂಗಿದಳು, "ಅಮ್ಮಾ, ಚಪ್ಪಲಿ!" ಬಲಗಾಲಿನ ಚಪ್ಪಲಿ ಬಾಗಿಲ ಹತ್ತಿರವೇ ಕಳಚಿ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. 17 ವರ್ಷದ ಸಕ್ಕರೆ ಕಾಯಿಲೆ ನನ್ನ ಪಾದವನ್ನು ಅಷ್ಟು ಮರಗಟ್ಟಿಸಿತ್ತು.

ಆಗ ನನಗೆ 63. ಎಡ ಸ್ತನದಲ್ಲಿದ್ದ 2.3 ಸೆಂಟಿಮೀಟರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಕಂಕುಳಿನ ಒಂದು ಲಿಂಫ್ ನೋಡ್‌ಗೆ (ದುಗ್ಧ ಗ್ರಂಥಿಗೆ) ಹರಡಿತ್ತು. ಇಆರ್ ಪಾಸಿಟಿವ್, ಅಂದರೆ ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ತರದ್ದು; ಹರ್-2 ನೆಗೆಟಿವ್, ಅಂದರೆ ಗಡ್ಡೆಯನ್ನು ಬೇಗ ಬೆಳೆಸುವ ಹರ್-2 ಪ್ರೋಟೀನ್ ಹೆಚ್ಚಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡಿದ್ದೆ.

ಮೊದಲು ನೋಡಿದ ಡಾಕ್ಟರು ಐದೇ ನಿಮಿಷದಲ್ಲಿ ಬರೆದುಕೊಟ್ಟರು: ಎರಡು ಕೀಮೋ ಔಷಧಿ ಸೇರಿದ ಎಸಿ ನಾಲ್ಕು ಸಲ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ವಾರಕ್ಕೊಂದರಂತೆ ಹನ್ನೆರಡು ಸಲ. ಫೈಲಿನಲ್ಲಿದ್ದ ನನ್ನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟನ್ನು ತೆರೆದೂ ನೋಡಲಿಲ್ಲ. ಇದು ಈಗಲೂ ನನಗೆ ನೋವಿನ ವಿಷಯ. ಯಾಕೆಂದರೆ ಎಸಿಯಲ್ಲಿರುವ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನೇ ದುರ್ಬಲ ಮಾಡಬಹುದು. ಡೋಸ್ ಸೇರುತ್ತಾ ಹೋದಂತೆ ಅಪಾಯವೂ ಸೇರುತ್ತೆ. ನನ್ನ ಹೃದಯದ ಪಂಪಿಂಗ್ ಆಗಲೇ ಶೇಕಡಾ 44ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಅದು 55ರ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

ನಾನು ಹೃದಯದ ಡಾಕ್ಟರ ಹತ್ತಿರ ಹೋದೆ. "ಡಾಕ್ಟ್ರೇ, ನೀವೇ ಒಂದು ಸಲ ಕ್ಯಾನ್ಸರ್ ಡಾಕ್ಟರ ಜೊತೆ ಮಾತಾಡಿ" ಎಂದೆ. ಸಂಕೋಚ ಆಯ್ತು, ಆದರೂ ಕೇಳಿದೆ. ಇಬ್ಬರ ಮಧ್ಯೆ ರೋಗಿಯೇ ಚೀಟಿ ಹಿಡಿದು ಓಡಾಡಿದರೆ ಅರ್ಧ ಮಾತು ದಾರಿಯಲ್ಲೇ ಉಳಿಯುತ್ತೆ. ಅವರು ಎರಡನೇ ಅಭಿಪ್ರಾಯಕ್ಕೆ ಇನ್ನೊಬ್ಬ ಕ್ಯಾನ್ಸರ್ ಡಾಕ್ಟರನ್ನು ಹೇಳಿ, ತಾವೇ ಫೋನ್ ಮಾಡಿದರು.

ಆ ಎರಡನೇ ಡಾಕ್ಟರು ಮೊದಲು ನನ್ನ ಪಾದ ನೋಡಿದರು. ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳಿನ ಮೇಲಿಟ್ಟು, "ನಡುಕ ನಿಂತಾಗ ಹೇಳಿ" ಎಂದರು. ನನಗೆ ನಡುಕ ಶುರುವಾಗಿದ್ದೇ ಗೊತ್ತಾಗಲಿಲ್ಲ. ಅದೇ ಫೋರ್ಕನ್ನು ಮಗಳ ಮಣಿಕಟ್ಟಿಗಿಟ್ಟಾಗ ಅವಳು ಬೆಚ್ಚಿ ಕೈ ಎಳೆದುಕೊಂಡಳು. ಎಸಿ ಬಿಟ್ಟು ಡೋಸಿಟ್ಯಾಕ್ಸೆಲ್ ಇರುವ ಟಿಸಿ ಎಂಬ ಬೇರೆ ಕೀಮೋ ಜೋಡಿ ಕೊಡಬಹುದು, ಆದರೆ ಡೋಸಿಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧಿಗಳು ಕೈಕಾಲಿನ ನರಕ್ಕೆ ತೊಂದರೆ ಕೊಡುತ್ತವೆ ಎಂದರು. ಜೊತೆಗೆ ಕೊಡುವ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತೆ. ಹೃದಯ ಉಳಿಸಿಕೊಳ್ಳಲು ಹೋದರೆ ಪಾದಕ್ಕೆ ಪೆಟ್ಟು.

ಅಲ್ಲಿಯವರೆಗೂ ನಾನು "ನನ್ನ ಕೈಲಿ ಕೀಮೋ ತಡೆಯೋಕೆ ಆಗುತ್ತಾ?" ಅಂತ ಮಾತ್ರ ಕೇಳುತ್ತಿದ್ದೆ. ಮಗಳು ಬೇರೆ ಪ್ರಶ್ನೆ ಕೇಳಿದಳು: "ಅಮ್ಮನಂಥ ನೂರು ಜನಕ್ಕೆ ಕೀಮೋ ಕೊಟ್ಟರೆ, ಅದರಿಂದಲೇ ಉಳಿಯೋರು ಎಷ್ಟು ಜನ?" ಅದನ್ನು ತಿಳಿಯಲು ಡಾಕ್ಟರು ಆಂಕೋಟೈಪ್ ಪರೀಕ್ಷೆ ಹೇಳಿದರು. ಅದು ಗಡ್ಡೆಯ 21 ಜೀನ್‌ಗಳನ್ನು ನೋಡಿ, ಕ್ಯಾನ್ಸರ್ ಮತ್ತೆ ಬರುವ ಸಾಧ್ಯತೆಗೆ 0ಯಿಂದ 100ರವರೆಗೆ ಒಂದು ಸ್ಕೋರ್ ಕೊಡುತ್ತೆ. ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕೇ ಸಾಕು. ಮುಟ್ಟು ನಿಂತವರಲ್ಲಿ, ಒಂದರಿಂದ ಮೂರು ನೋಡ್‌ಗೆ ಹರಡಿದ್ದರೂ, ಈ ತರದ ಕ್ಯಾನ್ಸರ್‌ನಲ್ಲಿ ಸ್ಕೋರ್ 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಸೇರಿಸಿ ಹೆಚ್ಚಿನ ಲಾಭ ಸಿಗಲಿಲ್ಲ ಎಂದು ಆರ್‌ಎಕ್ಸ್‌ಪಾಂಡರ್ ಅಧ್ಯಯನ 2021ರಲ್ಲಿ ತೋರಿಸಿದೆ.

ನನ್ನ ಸ್ಕೋರ್ 15 ಬಂತು.

ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೀಮೋ ಬೇಡ ಅಂದರೆ ಸುಮ್ನೆ ಕೈಚೆಲ್ಲಿದ ಹಾಗೆ ಅಲ್ವಾ ಅನ್ನಿಸುತ್ತಿತ್ತು. ಮನೆಯವರೂ ಅದನ್ನೇ ಅಂದರು. ಕೊನೆಗೆ ಡಾಕ್ಟರಿಗೇ ಫೋನ್ ಮಾಡಿ ಕೇಳಿದೆ, "ಸ್ಕೋರ್ 30 ಬಂದಿದ್ದರೆ?" "ಆಗ ಹೃದಯದ ಡಾಕ್ಟರನ್ನು ಜೊತೆಗಿಟ್ಟುಕೊಂಡು, ಎಸಿ ಬಿಟ್ಟು, ಬೇರೆ ಕೀಮೋ ಕೊಡ್ತಿದ್ದೆ" ಎಂದರು. ಆ ಉತ್ತರದಿಂದ ನನಗೆ ಧೈರ್ಯ ಬಂತು. ನನ್ನ ಹೃದಯಕ್ಕೆ ಹೆದರಿ ಅವರು ಚಿಕಿತ್ಸೆ ತಪ್ಪಿಸುತ್ತಿರಲಿಲ್ಲ. ಹರ್-2 ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಪರೀಕ್ಷೆ, ಹರ್-2 ಮೂರೂ ನೆಗೆಟಿವ್) ಇದ್ದವರಿಗೆ ಈ ಪರೀಕ್ಷೆಯ ಲೆಕ್ಕ ನಡೆಯುವುದಿಲ್ಲ. ಅಂಥವರು ದಯವಿಟ್ಟು ನನ್ನ ಕಥೆ ನೋಡಿ ಕೀಮೋ ಬಿಡಬೇಡಿ.

ರೇಡಿಯೇಷನ್ ತಗೊಂಡೆ. ಎಡಗಡೆ ಆದ್ದರಿಂದ ಉಸಿರು ಒಳಗೆಳೆದು ಹಿಡಿಯಬೇಕಿತ್ತು, ಆಗ ಹೃದಯ ಕಿರಣದಿಂದ ಸ್ವಲ್ಪ ದೂರ ಸರಿಯುತ್ತೆ. ಮನೆಯಲ್ಲಿ ಮಗಳು ಗಡಿಯಾರ ಹಿಡಿದು ಕೂತು ಅಭ್ಯಾಸ ಮಾಡಿಸಿದಳು. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಇದು ಈಸ್ಟ್ರೋಜನ್ ತಗ್ಗಿಸುವ ಹಾರ್ಮೋನ್ ಮಾತ್ರೆ. ಟ್ಯಾಮಾಕ್ಸಿಫೆನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ ಎಂದು ಅದನ್ನು ಕೊಡಲಿಲ್ಲ. ಲೆಟ್ರೊಜೋಲ್‌ನಿಂದ ಬೆಳಿಗ್ಗೆ ಬೆರಳು ಬಿಗಿದಿರುತ್ತವೆ, ಬಿಸಿನೀರಲ್ಲಿ ಅದ್ದಿದರೆ ಸಡಿಲ ಆಗುತ್ತವೆ. ಈ ಮಾತ್ರೆಯಿಂದ ಮೂಳೆ ಸವೆಯುತ್ತಿದೆಯಾ ಎಂದು ನೋಡಲು, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದಾರೆ. ಚಪ್ಪಲಿಗೆ ಹಿಂದೆ ಪಟ್ಟಿ ಹಾಕಿಸಿಕೊಂಡಿದ್ದೇನೆ.